ಉಕ್ಕಿನ ತಗಡಿನಲ್ಲಿ ಗರತಿಯಾದ ನಟಿಯರು

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನಟಿಯೊಬ್ಬಳ ಕೆತ್ತನೆ ಚಿತ್ರಕ್ಕೆ ಭೂತಗನ್ನಡಿ ಹಿಡಿದರೆ ಮುಖವೆಲ್ಲ ಚುಕ್ಕಿ ಚುಕ್ಕಿ. ಕೆನ್ನೆಯ ಮೇಲೆ ಅವು ವಿರಳ, ಗಲ್ಲದ ನೆರಳಿನಲ್ಲಿ ಒತ್ತೊತ್ತು. ಉಡುಪಿನ ನೆರಿಗೆಗೆ ಬಂದರೆ ಗೆರೆಗಳ ಹೆಣಿಗೆ. ಕೆಳಗೆ ಆಕೆಯದೇ ಸಹಿ, ಅದೂ ಕೆತ್ತಿದ್ದೇ. ಆದರೆ ಎಷ್ಟೋ ಚಿತ್ರಗಳಲ್ಲಿ ಆಕೆ ನಟಿ ಎಂಬುದಕ್ಕೆ ಗುರುತೇ ಸಿಗುವುದಿಲ್ಲ. ಭಾನುವಾರ ಚರ್ಚಿಗೆ ಹೊರಟ ಗೃಹಿಣಿಯ ಗಾಂಭೀರ್ಯ.

ಆ ಗಾಂಭೀರ್ಯ ಬೇಕಾಗಿತ್ತು. ಶತಮಾನದ ಮಧ್ಯದವರೆಗೂ ಅಲ್ಲಿನ ಹಲವು ರಂಗಮಂದಿರಗಳಲ್ಲಿ ಮೂರನೆಯ ಅಂತಸ್ತಿನ ಗ್ಯಾಲರಿ ವೇಶ್ಯೆಯರಿಗೂ ಅವರ ಗಿರಾಕಿಗಳಿಗೂ ಬಿಟ್ಟ ಜಾಗ. ಬಣ್ಣ ಹಚ್ಚಿದ ಹೆಂಗಸಿನ ಬಗ್ಗೆ ಊರು ಏನು ಆಡಿಕೊಳ್ಳುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಅನುಕೂಲಸ್ಥ ಮನೆತನದ ಅನ್ನಾ ಕೋರಾ ಮೊವಾಟ್ 1845ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಪಾರ್ಕ್ ಥಿಯೇಟರಿಗೆ ತಾವು ಬರೆದ ನಾಟಕ ಕೊಟ್ಟು, ಜೂನ್‌ನಲ್ಲಿ ತಾವೇ ರಂಗವೇರಿದ್ದು ಸುದ್ದಿಯಾದದ್ದೂ ಅದಕ್ಕೇ.

ಅಚ್ಚಿನ ಕಸುಬು ಅಷ್ಟರಲ್ಲಿ ಬದಲಾಗಿತ್ತು. ಚಿತ್ರ ಕೆತ್ತುವ ತಾಮ್ರದ ತಗಡು ಬೇಗ ಸವೆಯುತ್ತಿತ್ತು. ಮ್ಯಾಸಚೂಸೆಟ್ಸಿನ ಜೇಕಬ್ ಪರ್ಕಿನ್ಸ್ ನೋಟು ಮುದ್ರಣಕ್ಕೆಂದು ಬಳಕೆಗೆ ತಂದ ಉಕ್ಕಿನ ತಗಡು ಸಾವಿರಾರು ಪ್ರತಿಗೂ ಜಗ್ಗುತ್ತಿರಲಿಲ್ಲ. ಗೀರಿದ ತಗ್ಗಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಒತ್ತಿ ಎತ್ತುವುದು ಕ್ರಮ. ತಾಳೆಗರಿಯನ್ನು ಕಂಟದಿಂದ ಗೀರಿ ಮಸಿ ತೀಡುತ್ತಿದ್ದ ನಮ್ಮ ಲಿಪಿಕಾರರಿಗೆ ಇದರ ಅರ್ಧ ವಿದ್ಯೆ ಗೊತ್ತಿತ್ತು ಎನ್ನಬಹುದು. ಫೋಟೊ ಬಂದರೂ ಕೆತ್ತನೆಗಾರನ ಅನ್ನಕ್ಕೆ ಕಲ್ಲು ಬೀಳಲಿಲ್ಲ. ಅಕ್ಷರದ ಜೊತೆಗೆ ಫೋಟೊವನ್ನು ಅಗ್ಗವಾಗಿ ಅಚ್ಚು ಹಾಕುವ ಉಪಾಯ ಇನ್ನೂ ಇರಲಿಲ್ಲವಾಗಿ, ಅದನ್ನೇ ಎದುರಿಗಿಟ್ಟುಕೊಂಡು ಕೆತ್ತುತ್ತಿದ್ದರು.

ಬಾಸ್ಟನ್ನಿನಲ್ಲಿ ಹುಟ್ಟಿದ ನಟಿ ಷಾರ್ಲೆಟ್ ಕುಶ್ಮನ್ (1816–1876) ಈ ಕಲೆಗೆ ಒಳ್ಳೆಯ ಪರೀಕ್ಷೆ. ಭಾರಿ ದವಡೆ, ತಗ್ಗಿದ ದನಿ. ಚೆಲುವೆಯೆಂದು ಯಾರೂ ಹೊಗಳಿದವರಲ್ಲ. 1845ರ ಕೊನೆಗೆ ಲಂಡನ್ನಿನ ಹೇಮಾರ್ಕೆಟ್ ಥಿಯೇಟರಿನಲ್ಲಿ ಅವರೇ ರೋಮಿಯೊ, ತಂಗಿ ಸೂಸನ್ ಜೂಲಿಯೆಟ್. ಕತ್ತಿ ಕಟ್ಟಿದ ಆ ವೇಷದ ಚಿತ್ರಗಳೂ ಅಚ್ಚಾದವು. 1870ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೊರಬಂದ ಗಣ್ಯರ ಚಿತ್ರಸಂಪುಟದಲ್ಲಿ ಮಾತ್ರ ದಂಡನಾಯಕರು, ರಾಜಕಾರಣಿಗಳ ನಡುವೆ ಕುಶ್ಮನ್‌ಗೂ ಒಂದು ಪುಟ. ನಟಿಗೆ ಸಿಕ್ಕ ಆ ಪುಟ, ನನ್ನ ಪ್ರಕಾರ, ಚಪ್ಪಾಳೆಗಿಂತ ದೊಡ್ಡದು.

ಆಮೇಲಿನದು ಚಿಕ್ಕ ಕಥೆ. ಲಿಥೊ ಎಂಬ ಕಲ್ಲಚ್ಚಿನ ಕಸುಬಿನಿಂದ ಕ್ಯಾಮೆರಾಕ್ಕೆ ಬಂದ ನೆಪೋಲಿಯನ್ ಸರೋನಿ ನಟಿಯರ ಫೋಟೊ ಕಾರ್ಡುಗಳನ್ನು ರಾಶಿ ರಾಶಿ ಮಾರಿದರು. 1880ರ ನಂತರ ಫೋಟೊವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ಬಂದು ಫೋಟೊ ನೇರವಾಗಿ ಪತ್ರಿಕೆ ಸೇರಿತು. ರಂಗಪ್ರಿಯರು ಹಳೆಯ ಸಂಪುಟಗಳಿಂದ ಚಿತ್ರಗಳನ್ನು ಕತ್ತರಿಸಿ ತಮ್ಮ ಪುಸ್ತಕಗಳೊಳಗೆ ಸೇರಿಸಿ ಕಟ್ಟಿಸಿಕೊಂಡರು. ಇಂದು ಬಿಡಿಯಾಗಿ ಮಾರಾಟಕ್ಕೆ ಬರುವ ಎಷ್ಟೋ ಹಾಳೆಗಳ ಅಂಚಿನಲ್ಲಿ ಹೊಲಿಗೆಯ ತೂತುಗಳು ಇನ್ನೂ ಕಾಣುತ್ತವೆ.