ಶ್ವಾಸಕೋಶದಾಚೆಯ ಕ್ಷಯದಲ್ಲಿ ಔಷಧ ಪ್ರತಿರೋಧ: ಮಾದರಿಯ ಶೀಶೆಯಿಂದಲೇ ಆರಂಭವಾಗುವ ಪಾಠ

ಹಾಸನದಲ್ಲಿ ಪ್ರಯೋಗಾಲಯ ತರಬೇತಿಯಲ್ಲಿದ್ದಾಗ, ಸಕಲೇಶಪುರದ ಕಡೆಯ ಕಾಫಿ ತೋಟದ ಕಾರ್ಮಿಕರೊಬ್ಬರ ಕುತ್ತಿಗೆಯ ಗಂಟಿನಿಂದ ತೆಗೆದ ತುಣುಕೊಂದು ನಮ್ಮ ಮೇಜಿಗೆ ಬಂದಿತ್ತು. ಮುಚ್ಚಳ ಸಡಿಲಿಸಿದ ಕೂಡಲೇ ಮೂಗಿಗೆ ಅಡರಿದ್ದು ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಘಾಟು. ಇಡೀ ತುಣುಕನ್ನು ಅದರಲ್ಲೇ ಮುಳುಗಿಸಿ ಕಳುಹಿಸಿದ್ದರಿಂದ ಅಂಗಾಂಶ ಪರೀಕ್ಷೆಯಲ್ಲಿ ಕ್ಷಯದ ಗ್ರ್ಯಾನುಲೋಮಾ (ರೋಗಾಣುವಿನ ಸುತ್ತ ರಕ್ಷಣಾ ಕೋಶಗಳು ಕಟ್ಟುವ ಸಣ್ಣ ಗಂಟು) ಸ್ಪಷ್ಟವಾಗಿಯೇ ಕಂಡಿತು. ಆದರೆ ಫಾರ್ಮಲಿನ್ ರೋಗಾಣುವನ್ನು ಕೊಲ್ಲುವುದರಿಂದ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಕಲ್ಚರ್ ಮಾಡಿ, ಅಂದರೆ ರೋಗಾಣುವನ್ನು ಬೆಳೆಸಿ, ನೋಡುವ ದಾರಿ ಅಲ್ಲಿಗೇ ಮುಚ್ಚಿಹೋಯಿತು. ನಮ್ಮ ಪಠ್ಯಗಳು ಔಷಧ ಪ್ರತಿರೋಧದ ವಿಷಯವನ್ನು ಜೀನ್‌ಗಳಿಂದ ಆರಂಭಿಸುತ್ತವೆ. ಶೀಶೆಯಿಂದ ಆರಂಭಿಸುವುದು ಮೇಲೆಂದು ನನಗೆ ಅನಿಸುತ್ತದೆ.

ಜೀನ್‌ಗಳ ಸಂಗತಿಯನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಕ್ಷಯದ ಮುಖ್ಯ ಔಷಧಗಳು ರಿಫಾಂಪಿಸಿನ್ ಮತ್ತು ಐಸೋನಿಯಾಜಿಡ್. ರಿಫಾಂಪಿಸಿನ್ ಪ್ರತಿರೋಧದ ಸುಮಾರು 95 ಶೇಕಡಾ ಪ್ರಕರಣಗಳಲ್ಲಿ ಬದಲಾವಣೆ ಇರುವುದು ಆರ್‌ಪಿಓಬಿ ಜೀನ್‌ನ 81 ಬೇಸ್ ಜೋಡಿಗಳ (ಡಿಎನ್‌ಎಯ ಅಕ್ಷರ ಜೋಡಿಗಳ) ಒಂದು ಸಣ್ಣ ಭಾಗದಲ್ಲಿ. ಐಸೋನಿಯಾಜಿಡ್ ಪ್ರತಿರೋಧಕ್ಕೆ ಮುಖ್ಯವಾಗಿ ಕ್ಯಾಟ್‌ಜಿ ಜೀನ್ ಮತ್ತು ಐಎನ್‌ಎಚ್‌ಎ ಜೀನ್‌ನ ಪ್ರಮೋಟರ್ (ಜೀನ್ ಕೆಲಸ ಶುರುಮಾಡಿಸುವ ಭಾಗ) ಇವುಗಳಲ್ಲಿನ ಬದಲಾವಣೆ ಕಾರಣ. ಈ ಎರಡೂ ಔಷಧಗಳಿಗೆ ಬಗ್ಗದ ಕ್ಷಯವೇ ಎಂಡಿಆರ್ (ಬಹು ಔಷಧ ಪ್ರತಿರೋಧದ ಕ್ಷಯ). ಅದರ ಮೇಲೆ ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಫ್ಲೋರೋಕ್ವಿನೋಲೋನ್ ಗುಂಪಿನ ಔಷಧಕ್ಕೂ ಬಗ್ಗದಿದ್ದರೆ ಪ್ರೀ-ಎಕ್ಸ್‌ಡಿಆರ್. ಜೊತೆಗೆ ಬೆಡಾಕ್ವಿಲಿನ್ ಅಥವಾ ಲೈನ್‌ಜೋಲಿಡ್‌ಗೂ ಬಗ್ಗದಿದ್ದರೆ ಎಕ್ಸ್‌ಡಿಆರ್ (ವ್ಯಾಪಕ ಔಷಧ ಪ್ರತಿರೋಧದ ಕ್ಷಯ). ವಿಶ್ವ ಆರೋಗ್ಯ ಸಂಸ್ಥೆ ಕೊನೆಯ ಎರಡರ ವ್ಯಾಖ್ಯೆಯನ್ನು 2021ರಲ್ಲಿ ಬದಲಿಸಿದ್ದರಿಂದ ಹಳೆಯ ಪುಸ್ತಕಗಳಲ್ಲಿ ಬೇರೆಯದೇ ಬರೆದಿರುತ್ತದೆ.

ನಿಧಾನವಾಗಿ ಯೋಚಿಸಬೇಕಾದದ್ದು ರೋಗಾಣುಗಳ ಸಂಖ್ಯೆಯ ಬಗ್ಗೆ. ಶ್ವಾಸಕೋಶದ ಕುಹರವೊಂದರಲ್ಲಿ ಕೋಟಿಗಟ್ಟಲೆ ರೋಗಾಣುಗಳಿರಬಹುದಾದ್ದರಿಂದ, ತಾನಾಗಿಯೇ ಬದಲಾದ ಒಂದೆರಡು ರೋಗಾಣುಗಳು ಅಲ್ಲಿ ಮೊದಲೇ ಇದ್ದು, ಅರೆಬರೆ ಚಿಕಿತ್ಸೆಯಲ್ಲಿ ಉಳಿದವು ಸತ್ತು ಇವೇ ಮೇಲುಗೈ ಸಾಧಿಸುತ್ತವೆ. ದುಗ್ಧರಸ ಗ್ರಂಥಿ (ಕುತ್ತಿಗೆಯ ಗಂಟಿನಂಥದ್ದು), ಬೆನ್ನುಮೂಳೆ, ಮಿದುಳಿನ ಪೊರೆ ಇವುಗಳಲ್ಲಿ ರೋಗಾಣುಗಳು ಬಹಳ ಕಡಿಮೆ. ಆದ್ದರಿಂದ ಪ್ರತಿರೋಧ ಆ ಜಾಗದಲ್ಲೇ ಹುಟ್ಟುವುದಕ್ಕಿಂತ, ಪ್ರತಿರೋಧವಿರುವ ರೋಗಾಣುವೇ ಬೇರೊಬ್ಬರಿಂದ ಅಂಟಿ ಅಲ್ಲಿಗೆ ತಲುಪಿರುವ ಸಾಧ್ಯತೆಯನ್ನು ಸದಾ ನೆನಪಿಡಬೇಕು; ಮೊದಲು ಮಾತ್ರೆ ತೆಗೆದುಕೊಂಡಿಲ್ಲ ಎಂಬ ಒಂದೇ ಕಾರಣಕ್ಕೆ ಅನುಮಾನವನ್ನು ಕೈಬಿಡಬಾರದು.

ಪರೀಕ್ಷೆಯ ಕಷ್ಟಕ್ಕೂ ಇದೇ ಮೂಲ. ಸ್ಮಿಯರ್‌ನಲ್ಲಿ, ಅಂದರೆ ಗಾಜಿನ ಪಟ್ಟಿಗೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಕಾಣಲು ಒಂದು ಮಿ.ಲೀ.ಗೆ ಸುಮಾರು 5,000ದಿಂದ 10,000 ರೋಗಾಣುಗಳು ಬೇಕು. ಕಲ್ಚರ್‌ಗೆ 10ರಿಂದ 100 ಸಾಕು, ಆದರೆ ದ್ರವ ಮಾಧ್ಯಮದಲ್ಲಿ ನೆಗೆಟಿವ್ ಎನ್ನಲು 42 ದಿನ ಕಾಯಬೇಕು. ರೋಗಾಣುವಿನ ಡಿಎನ್‌ಎಯನ್ನು ಹುಡುಕುವ ನ್ಯಾಟ್ ಪರೀಕ್ಷೆಗಳಲ್ಲಿ ಒಂದಾದ, ಕಾರ್ಟ್ರಿಡ್ಜ್‌ನಲ್ಲಿ ಮಾಡುವ ಸಿಬಿ-ನ್ಯಾಟ್ ಎರಡು ಗಂಟೆಯೊಳಗೆ ಕ್ಷಯವನ್ನೂ ರಿಫಾಂಪಿಸಿನ್ ಪ್ರತಿರೋಧವನ್ನೂ ಒಟ್ಟಿಗೆ ಹೇಳುತ್ತದೆ. ಅದರ ಅಲ್ಟ್ರಾ ಕಾರ್ಟ್ರಿಡ್ಜ್‌ನಲ್ಲಿ ‘ಟ್ರೇಸ್’ ಎಂಬ ಫಲಿತಾಂಶ ಬಂದರೆ ರೋಗಾಣು ಇದೆ, ಆದರೆ ಪ್ರತಿರೋಧ ತಿಳಿಯುವಷ್ಟಿಲ್ಲ ಎಂದರ್ಥ. ಇದನ್ನು ‘ಪ್ರತಿರೋಧ ಇಲ್ಲ’ ಎಂದು ಓದಿಕೊಳ್ಳುವ ತಪ್ಪನ್ನು ನಾನೂ ಮಾಡಿದ್ದೇನೆ. ಎದೆಗೂಡಿನಲ್ಲಿ ತುಂಬಿಕೊಂಡ ನೀರಿನಲ್ಲಿ ಎಡಿಎ ಎಂಬ ಕಿಣ್ವ ಹೆಚ್ಚಿದ್ದರೆ ಕ್ಷಯದ ಸುಳಿವು ಸಿಗುತ್ತದೆಯೇ ಹೊರತು, ಪ್ರತಿರೋಧದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಚಿಕಿತ್ಸೆಯ ನಡುವೆ ಕುತ್ತಿಗೆಯ ಗಂಟು ದೊಡ್ಡದಾದರೆ ಮನೆಯವರು ಔಷಧ ನಾಟಲಿಲ್ಲ ಎಂದು ಗಾಬರಿಯಾಗುತ್ತಾರೆ. ಸಾಯುತ್ತಿರುವ ರೋಗಾಣುಗಳಿಗೆ ದೇಹ ತೋರುವ ವಿರೋಧಾಭಾಸದ ಪ್ರತಿಕ್ರಿಯೆಯೂ ಹೀಗೆಯೇ ಕಾಣುತ್ತದೆ. ಆಗ ನ್ಯಾಟ್ ಮಾಡಿದರೆ ಸತ್ತ ರೋಗಾಣುವಿನ ಡಿಎನ್‌ಎ ಕೂಡ ಪಾಸಿಟಿವ್ ತೋರಿಸಬಹುದಾದ್ದರಿಂದ, ಪ್ರತಿರೋಧವನ್ನು ಊಹಿಸಿ ಔಷಧ ಬದಲಿಸುವ ಮೊದಲು ಹೊಸ ಮಾದರಿಯನ್ನು ಕಲ್ಚರ್‌ಗೆ ಕಳುಹಿಸುವುದು ಸರಿಯಾದ ಕ್ರಮ.

ಚಿಕಿತ್ಸೆಯಲ್ಲಿ ಜಾಗವೇ ನಿರ್ಣಾಯಕ. ಮಿದುಳಿನ ಪೊರೆಯ ಕ್ಷಯದಲ್ಲಿ ಐಸೋನಿಯಾಜಿಡ್, ಪೈರಜಿನಮೈಡ್, ಲೆವೊಫ್ಲಾಕ್ಸಾಸಿನ್, ಲೈನ್‌ಜೋಲಿಡ್ ಮಿದುಳುಬಳ್ಳಿಯ ದ್ರವಕ್ಕೆ ಚೆನ್ನಾಗಿ ಇಳಿಯುತ್ತವೆ. ಎಥಾಂಬ್ಯುಟಾಲ್ ಇಳಿಯುವುದು ಕಡಿಮೆ. ಬೆಡಾಕ್ವಿಲಿನ್, ಪ್ರೆಟೋಮನಿಡ್, ಲೈನ್‌ಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಆರು ತಿಂಗಳ ಬಿಪಾಲ್‌ಎಂ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದರೂ, ಮಿದುಳು, ಮೂಳೆ-ಕೀಲು ಮತ್ತು ದೇಹದಾದ್ಯಂತ ಹರಡಿದ ಕ್ಷಯವನ್ನು ಅದರಿಂದ ಹೊರಗಿಟ್ಟಿತು. ಅಂಥವರು ದೀರ್ಘ ಚಿಕಿತ್ಸೆ ಪಡೆಯಬೇಕಾಗುವುದರಿಂದ, ಮೊದಲ ದಿನ ತೆಗೆದ ತುಣುಕಿನ ಬೆಲೆ ಇನ್ನೂ ಹೆಚ್ಚು: ಅದರಲ್ಲೊಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಒಣಗದಂತೆ ನಾರ್ಮಲ್ ಸಲೈನ್ (ಉಪ್ಪುನೀರಿನ ದ್ರಾವಣ) ಇರುವ ಕ್ರಿಮಿರಹಿತ ಶೀಶೆಗೆ ಹೋಗಬೇಕು, ಮತ್ತು ಎರಡನೆಯದರ ಮೇಲೆ ‘ಕಲ್ಚರ್ ಮತ್ತು ನ್ಯಾಟ್‌ಗೆ’ ಎಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ಬರೆದಿರಬೇಕು.