ಮೊದಲ ಕೀಬೋರ್ಡ್ ಕೊಳ್ಳುವಾಗ ಒತ್ತಿ ನೋಡಿ

ಅಂಗಡಿಯಲ್ಲಿ ಪಿಯಾನೊ ದನಿ ಇಡಿಸಿ, ನಡುವಿನ ಒಂದು ಕೀಯನ್ನು ಮೆಲ್ಲಗೆ ಒತ್ತಿ. ಮತ್ತೆ ಅದನ್ನೇ ಚಟ್ಟನೆ, ಗಟ್ಟಿಯಾಗಿ ಒತ್ತಿ. ಎರಡು ಸಲವೂ ದನಿ ಒಂದೇ ಸಮ ಬಂದರೆ ‘ಟಚ್ ರೆಸ್ಪಾನ್ಸ್’ (ಒತ್ತಿದ ರೀತಿಗೆ ತಕ್ಕಂತೆ ದನಿ ಏರಿಳಿಯುವ ಸೌಲಭ್ಯ) ಆಫ್ ಆಗಿದೆಯೇ ಎಂದು ಕೇಳಿ. ಆ ಸೌಲಭ್ಯವೇ ಇಲ್ಲವೆಂದಾದರೆ, ನಾನೂರು ವಾದ್ಯಗಳ ದನಿಯಿದ್ದರೂ ಕಲಿಯುವವರಿಗೆ ಅದು ಬೇಡ.

ಬೆರಳು ಎಷ್ಟು ಭಾರ ಹಾಕಿತೆಂದು ಕೀಬೋರ್ಡ್ ತೂಗುವುದಿಲ್ಲ; ಕೀ ಎಷ್ಟು ವೇಗವಾಗಿ ಇಳಿಯಿತೆಂದು ಅಳೆಯುತ್ತದೆ. ಪ್ರತಿ ಕೀಯ ಅಡಿಯಲ್ಲಿ ಟೊಪ್ಪಿಯಾಕಾರದ ರಬ್ಬರ್, ಅದರೊಳಗೆ ಎತ್ತರದಲ್ಲಿ ತುಸು ವ್ಯತ್ಯಾಸವಿರುವ ಎರಡು ಕಾರ್ಬನ್ ಬಿಲ್ಲೆಗಳು. ಒಂದು ಮೊದಲು ಸರ್ಕಿಟ್ ಬೋರ್ಡನ್ನು ಮುಟ್ಟುತ್ತದೆ, ಇನ್ನೊಂದು ಕೆಲವು ಮಿಲಿಸೆಕೆಂಡ್ ತಡವಾಗಿ. ಈ ಅಂತರ ಕಡಿಮೆಯಾದಷ್ಟೂ ದನಿ ಜೋರು. ಎಲೆಕ್ಟ್ರಾನಿಕ್ ವಾದ್ಯಗಳು ಸ್ವರದ ವಿವರವನ್ನು ಅಂಕಿಗಳಲ್ಲಿ ತಿಳಿಸುವ ‘ಮಿಡಿ’ ಪದ್ಧತಿಯಲ್ಲಿ ಇದಕ್ಕೆ 1ರಿಂದ 127ರವರೆಗಿನ ಅಂಕಿ. ಹಾರ್ಮೋನಿಯಂನಲ್ಲಿ ದನಿಯ ಏರಿಳಿತ ತಿದಿ ಒತ್ತುವ ಕೈಯದು. ಇಲ್ಲಿ ಅದು ಸ್ವರ ಹಿಡಿಯುವ ಬೆರಳಿನದೇ. ಟಚ್ ಇಲ್ಲದ ಯಂತ್ರದಲ್ಲಿ ಪಳಗಿದ ಬೆರಳನ್ನು ಆಮೇಲೆ ತಿದ್ದುವುದು ಬಹಳ ಕಷ್ಟ.

ಕಾಸರಗೋಡಿನ ಮಳೆಗಾಲ ಕೆಡಿಸುವುದೂ ಇದೇ ಬಿಲ್ಲೆಗಳನ್ನು. ತೇವ, ಧೂಳು ಕೂತರೆ ಒಂದು ಕೀ ಮೂಕವಾಗುತ್ತದೆ, ಇಲ್ಲವೇ ಮೆಲ್ಲಗೆ ಮುಟ್ಟಿದರೂ ಕಿರಿಚುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಎಡದಿಂದ ಬಲಕ್ಕೆ, ಕಪ್ಪು ಕೀಗಳನ್ನೂ ಬಿಡದೆ, ಪ್ರತಿಯೊಂದನ್ನೂ ಮೆಲ್ಲಗೊಮ್ಮೆ ಜೋರಾಗೊಮ್ಮೆ ಒತ್ತಿದ ಮೇಲೆಯೇ ಹಣ ಕೊಡಬೇಕು. ಆಟಿ ತಿಂಗಳಲ್ಲಿ ಕೀಬೋರ್ಡಿಗೆ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ. ಹತ್ತಿಬಟ್ಟೆ ಹೊದಿಸಿ, ಗೋಡೆಯಿಂದ ಸ್ವಲ್ಪ ದೂರ ಇಡಿ.

61 ಕೀ ಸಾಕು: ಐದು ಸ್ಥಾಯಿ, ಮೇಲೊಂದು ಷಡ್ಜ. ಮೂರೂವರೆ ಸ್ಥಾಯಿಯ ಹಾರ್ಮೋನಿಯಂಗಿಂತ ಇದು ಎಷ್ಟೋ ವಿಸ್ತಾರ. ಆದರೆ ಸ್ಕೇಲ್ ಇಟ್ಟು ಅಳೆಯಿರಿ. ಎರಡೇ ಕಪ್ಪು ಕೀಗಳಿರುವ ಗುಂಪಿನ ಎಡಕ್ಕೆ ತಾಗಿದ ಬಿಳಿ ಕೀಯೇ ಬಿಳಿ 1; ಅಲ್ಲಿಂದ ಬಲಕ್ಕೆ ಬಿಳಿ, ಕಪ್ಪು ಕೀಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಒಂದು ಬಿಳಿ 1ರ ಎಡ ಅಂಚಿನಿಂದ ಮುಂದಿನ ಬಿಳಿ 1ರ ಎಡ ಅಂಚಿಗೆ ಸುಮಾರು 16.5 ಸೆಂಟಿಮೀಟರ್ ಇರಬೇಕು. ತುಂಬಾ ಕಡಿಮೆಯಿದ್ದರೆ ಅದು ಮಿನಿ ಕೀ, ಆಟಿಕೆಯ ಅಳತೆ.

ಭಜನಾಮಂದಿರದಲ್ಲಿ ನುಡಿಸುವ ಆಸೆಯಿದ್ದರೆ ಇನ್ನೆರಡು ಗುಂಡಿಗಳನ್ನು ಹುಡುಕಿ. ಮೊದಲನೆಯದು ಟ್ರಾನ್ಸ್‌ಪೋಸ್. ಹಾಡುವವರ ಶ್ರುತಿ ಕಪ್ಪು 2, ನಿಮಗೆ ಅಭ್ಯಾಸವಿರುವುದು ಬಿಳಿ 1 ಎಂದಾದರೆ, ಟ್ರಾನ್ಸ್‌ಪೋಸನ್ನು +3ಕ್ಕೆ (ಕಪ್ಪು ಕೀಗಳೂ ಸೇರಿ ಮೂರು ಕೀ ಮೇಲಕ್ಕೆ) ಇಟ್ಟು ಕಲಿತ ಬೆರಳೋಟದಲ್ಲೇ ನುಡಿಸಬಹುದು. ಎರಡನೆಯದು ಟ್ಯೂನಿಂಗ್. ಕೀಬೋರ್ಡಿನ ನಡುಸ್ಥಾಯಿಯ ಬಿಳಿ 6 ಕಾರ್ಖಾನೆಯಲ್ಲೇ 440 ಹರ್ಟ್ಸ್‌ಗೆ ಹೊಂದಿಸಿ ಬಂದಿರುತ್ತದೆ; ಮಂದಿರದ ಹಳೆಯ ಹಾರ್ಮೋನಿಯಂನದು 443 ಇದ್ದೀತು. ಎರಡೂ ಕೂಡಿ ನುಡಿದಾಗ ಸೆಕೆಂಡಿಗೆ ಮೂರು ಸಲ ದನಿ ಉಬ್ಬಿ ತಗ್ಗುತ್ತದೆ, ಕಿವಿಗೆ ಹಿತವಲ್ಲ. ಟ್ಯೂನಿಂಗನ್ನು ಸ್ವಲ್ಪಸ್ವಲ್ಪವೇ ಏರಿಸಿ, ಆ ಅಲುಗಾಟ ನಿಂತಲ್ಲಿ ಬಿಡಿ.

ಕರ್ನಾಟಕ ಸಂಗೀತ ಕಲಿಯುವವರಿಗೆ ಪಿಚ್ ಬೆಂಡ್ ಚಕ್ರವೂ ಬೇಕು. ಕೀ ಕೊಡುವುದು ನಿಂತ ಸ್ವರ. ಅದನ್ನು ಜಾರಿಸುವುದು ಚಕ್ರ. ಗಮಕದ ಸೂಕ್ಷ್ಮವೆಲ್ಲ ಅದರಿಂದ ಬಾರದು, ಆದರೂ ಅದಿಲ್ಲದೆ ತೋಡಿಯ ಗಾಂಧಾರ ಕಟ್ಟಿಗೆಯಂತೆ ಕೇಳಿಸುತ್ತದೆ.

ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿಗೆ ಜಾಗವಿರುವ ಮಾದರಿ ಒಳ್ಳೆಯದು. ಅಡಾಪ್ಟರ್ ಕಳೆದುಹೋದರೆ ಪಿನ್ ಕೂತಿತೆಂದು ಯಾವುದೋ ಒಂದನ್ನು ಸಿಕ್ಕಿಸಬೇಡಿ. ವೋಲ್ಟೇಜ್ ಜೊತೆಗೆ ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬ ಚಿಹ್ನೆಯೂ ಹೊಂದಬೇಕು. ತಿರುಗುಮುರುಗಾದರೆ ಬೋರ್ಡೇ ಸುಟ್ಟೀತು.