ಕಲರ್ ಲೈನ್: ಎಲ್ಲೂ ಬರೆಯದಿದ್ದ ನಿಷೇಧ

ಅಮೆರಿಕದ ಬೇಸ್‌ಬಾಲ್ ಬಗ್ಗೆ ಓದುವವರಿಗೆ ‘ಕಲರ್ ಲೈನ್’ ಅನ್ನುವ ಮಾತು ಆಗಾಗ ಸಿಗುತ್ತದೆ. ‘ಕಲರ್ ಬ್ಯಾರಿಯರ್’ ಅಂತಲೂ ಹೇಳುತ್ತಾರೆ. ಅಲ್ಲಿನ ಅತಿ ಮೇಲ್ಮಟ್ಟದ ವೃತ್ತಿಪರ ಪಂದ್ಯಾವಳಿಯಾದ ಮೇಜರ್ ಲೀಗ್‌ನ ತಂಡಗಳು ಕಪ್ಪು ಆಟಗಾರರನ್ನು ಸುಮಾರು 60 ವರ್ಷ ಹೊರಗೇ ಇಟ್ಟ ಪದ್ಧತಿಗೆ ಈ ಹೆಸರು.

ಅಂಥ ನಿಯಮವೊಂದು ಮೇಜರ್ ಲೀಗ್‌ನ ಪುಸ್ತಕದಲ್ಲಿ ಇರಲೇ ಇಲ್ಲ. ಮಾಲೀಕರು ಒಳಗೊಳಗೇ ಒಪ್ಪಿಕೊಂಡು ನಡೆಸಿದ್ದು ಅದು. ನನಗೆ ಅತಿ ಕ್ರೂರ ಅನ್ನಿಸುವುದು ಇದೇ. ಬರೆದ ನಿಯಮವಾದರೆ ತೋರಿಸಿ ಜಗಳವಾಡಬಹುದು. ಇಲ್ಲದ ನಿಯಮವನ್ನು ಯಾರ ಮುಂದೆ ಪ್ರಶ್ನಿಸುವುದು? 1920ರಿಂದ 1944ರವರೆಗೆ ಕಮಿಷನರ್, ಅಂದರೆ ಇಡೀ ಮೇಜರ್ ಲೀಗ್‌ನ ಮುಖ್ಯಸ್ಥ ಆಗಿದ್ದ ಕೆನೆಸಾ ಮೌಂಟನ್ ಲ್ಯಾಂಡಿಸ್ ಇಂಥ ನಿಷೇಧವೇ ಇಲ್ಲ ಎಂದು ಬಹಿರಂಗವಾಗಿ ಹೇಳಿದ್ದರು. ಅವರ ಅಷ್ಟೂ ವರ್ಷಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಒಳಗೆ ಬರಲಿಲ್ಲ.

ಮೊದಲಿಂದಲೂ ಹೀಗಿರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಟೊಲೆಡೊ ತಂಡದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಆಗಿ ಮೇಜರ್ ಲೀಗ್‌ನಲ್ಲೇ ಆಡಿದ್ದರು. ಆದರೆ ಆ ಕಾಲದ ದೊಡ್ಡ ಆಟಗಾರ ಕ್ಯಾಪ್ ಆನ್ಸನ್‌ರಂಥವರು ಕಪ್ಪು ಆಟಗಾರರ ಎದುರು ಆಡುವುದಕ್ಕೇ ತಕರಾರು ತೆಗೆದರು. 1887ರಲ್ಲಿ ಕೆಳ ದರ್ಜೆಯ ಇಂಟರ್‌ನ್ಯಾಷನಲ್ ಲೀಗ್ ಕಪ್ಪು ಆಟಗಾರರ ಜೊತೆ ಹೊಸ ಕರಾರು ಬೇಡ ಎಂದು ತೀರ್ಮಾನಿಸಿತು. ಉಳಿದವರೂ ಅದೇ ದಾರಿ ಹಿಡಿದರು.

ಹೊರಗುಳಿದವರು ಸುಮ್ನೆ ಕೂರಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಕಪ್ಪು ಆಟಗಾರರದೇ ಆದ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಮುಂದೆ ಇಂಥ ಲೀಗ್‌ಗಳಲ್ಲೇ ಜಾಶ್ ಗಿಬ್ಸನ್ ಬೆಳಗಿದರು. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲು ಸಿಗದೆ ಗಿಬ್ಸನ್ 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನು 2024ರಲ್ಲಿ ಮೇಜರ್ ಲೀಗ್ ದಾಖಲೆಗೆ ಸೇರಿಸಿದಾಗ, ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂದದ್ದು ಅವರದೇ ಹೆಸರು: .372, ಅಂದರೆ ಸಾವಿರ ಅವಕಾಶಕ್ಕೆ 372 ಹಿಟ್.

ಗಿಬ್ಸನ್ ತೀರಿಕೊಂಡ ಮೂರು ತಿಂಗಳಿಗೆ, 1947ರ ಏಪ್ರಿಲ್ 15ರಂದು, ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್‌ನ ಬ್ರೂಕ್ಲಿನ್ ಡಾಡ್ಜರ್ಸ್ ಪರ ಎಬೆಟ್ಸ್ ಫೀಲ್ಡ್‌ನಲ್ಲಿ ಕಣಕ್ಕಿಳಿದರು. ಅವರ ಜೆರ್ಸಿ ಸಂಖ್ಯೆ 42. ಸೈನ್ಯದಲ್ಲಿದ್ದಾಗ ಕಪ್ಪು ಜನ ಕೂರಬೇಕೆಂದಿದ್ದ ಬಸ್ಸಿನ ಹಿಂದಿನ ಸೀಟಿಗೆ ಹೋಗಲು ಒಪ್ಪದೆ 1944ರಲ್ಲಿ ಕೋರ್ಟ್ ಮಾರ್ಷಲ್ ಎದುರಿಸಿ, ಖುಲಾಸೆಯಾಗಿ ಬಂದ ಮನುಷ್ಯ ಅವರು. ಅಂಥವರಿಗೆ ಡಾಡ್ಜರ್ಸ್‌ನ ಆಡಳಿತ ನೋಡುತ್ತಿದ್ದ ಬ್ರಾಂಚ್ ರಿಕಿ ಹಾಕಿದ ಷರತ್ತು ಏನು ಗೊತ್ತಾ? ಯಾರು ಏನೇ ಬೈದರೂ ತಿರುಗಿ ಬೀಳಬಾರದು. ಎದುರು ತಂಡದವರು ಬೈದರು, ಕೊಲೆ ಬೆದರಿಕೆಯ ಪತ್ರಗಳು ಬಂದವು, ಕೆಲವು ಊರುಗಳಲ್ಲಿ ತಂಡ ಉಳಿದ ಹೋಟೆಲ್‌ನಲ್ಲಿ ಇವರಿಗೆ ಕೋಣೆ ಸಿಗಲಿಲ್ಲ. ಇಷ್ಟರ ನಡುವೆ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಗೆದ್ದರು. 1949ರಲ್ಲಿ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತಿ ಮೌಲ್ಯದ ಆಟಗಾರ ಎನಿಸಿಕೊಂಡರು.

ರಾಬಿನ್ಸನ್ ಕಲರ್ ಲೈನ್ ‘ಮುರಿದರು’ ಅನ್ನುವುದು ರೂಢಿ. ಅದು ನಿಜವೇ, ಆದರೆ ಒಂದೇ ದಿನಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳಬಾರದು. 1947ರ ಜುಲೈನಲ್ಲೇ ಇನ್ನೊಬ್ಬ ಕಪ್ಪು ಆಟಗಾರ ಲ್ಯಾರಿ ಡೋಬಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದರು. ಬಾಸ್ಟನ್ ರೆಡ್ ಸಾಕ್ಸ್ ಮಾತ್ರ ತನ್ನ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್‌ರನ್ನು ಆಡಿಸಿದ್ದು 1959ರಲ್ಲಿ. ಅಷ್ಟರಲ್ಲಿ ರಾಬಿನ್ಸನ್ ಆಟ ಬಿಟ್ಟೇ ಎರಡು ವರ್ಷಕ್ಕಿಂತ ಜಾಸ್ತಿಯಾಗಿತ್ತು!

ತಂಡ ನಡೆಸುವ ಮ್ಯಾನೇಜರ್ ಕೆಲಸ ಇನ್ನೂ ತಡವಾಯಿತು. 1972ರ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್ ಸರಣಿ) ವೇಳೆ ಜಾಕಿ ರಾಬಿನ್ಸನ್‌ಗೆ ಸನ್ಮಾನ ಮಾಡಿದಾಗ, ಆ ಜಾಗದಲ್ಲೂ ಒಬ್ಬ ಕಪ್ಪು ವ್ಯಕ್ತಿಯನ್ನು ನೋಡುವಾಸೆ ಎಂದು ಅವರು ಮೈಕಿನಲ್ಲೇ ಹೇಳಿದರು. ಒಂಬತ್ತು ದಿನಕ್ಕೆ ತೀರಿಕೊಂಡರು. ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ ಫ್ರಾಂಕ್ ರಾಬಿನ್ಸನ್ (ಜಾಕಿಯ ಸಂಬಂಧಿಯಲ್ಲ) ಕ್ಲೀವ್‌ಲ್ಯಾಂಡ್‌ನ ಮ್ಯಾನೇಜರ್ ಆಗಿ ಮೊದಲ ಪಂದ್ಯ ನಡೆಸಿದ್ದು 1975ರಲ್ಲಿ.